ಅಜ್ಜಿಮನೆ ಬಳಗ: ಎಂಟು ಗೋಲು, ಹತ್ತು ಬಿಹೈಂಡ್, ಒಂದು ಜಗಳ

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ, ಮಾರ್ಚ್ 17, 2023, ಶುಕ್ರವಾರ ಮಧ್ಯಾಹ್ನದಿಂದ. ಹೂವಿನ ಚಿತ್ರಗಳು, ಒಂದೇ ಶ್ಲೋಕದ ಮೂರು ಪ್ರತಿಗಳು ಮತ್ತು ಹೆಬ್ಬೆರಳುಗಳನ್ನು ಕೈಬಿಟ್ಟಿದೆ. ಮಿಕ್ಕಿದ್ದೆಲ್ಲ ಇದ್ದ ಹಾಗೇ.

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ಆಸ್ಟ್ರೇಲಿಯಾದಲ್ಲಿ ಮಹಾಮೋಸ!! ನಿನ್ನೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಿನಲ್ಲಿ ಎಎಫ್ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಸೀಸನ್ನಿನ ಮೊದಲ ಮ್ಯಾಚ್. ರಿಚ್ಮಂಡ್ 8.10, ಕಾರ್ಲ್ಟನ್ 8.10!! ಎರಡೂ 58!! 88 ಸಾವಿರ ಜನರ ಕಣ್ಣಿಗೆ ಮಣ್ಣು!! 8+10=18. ಒಂದು ತಂಡದಲ್ಲಿ ಆಟಗಾರರು 18. ಲೀಗಿನಲ್ಲಿ ತಂಡಗಳು 18. ಇದು ಕಾಕತಾಳೀಯವೇ?? ಮುಂದಿನ ವಾರ ಅದೇ ಮ್ಯಾಚ್ ಮತ್ತೆ ಆಡಿಸಿ ಮತ್ತೆ ಟಿಕೆಟ್ ಮಾರುತ್ತಾರೆ! ಬೆಟ್ಟಿಂಗ್ ಮಾಫಿಯಾದಿಂದ ನಿಮ್ಮ ಮಕ್ಕಳನ್ನು ಕಾಪಾಡಿ. ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ಅಳಿಯಂದಿರೇ, ಇದೇನು ನಿಮ್ಮೂರಲ್ಲಿ? ಚಿಂಟೂನ ಇಂಥ ಆಟಕ್ಕೆಲ್ಲ ಕಳಿಸಬೇಡಿ.

ಕಿಟ್ಟಿ: ಮೂಲ ಎಲ್ಲಿ ದೊಡ್ಡಪ್ಪ? ಯಾವ ಪೇಪರು, ಯಾರು ಬರೆದಿದ್ದು?

ದೊಡ್ಡಪ್ಪ: ನಮ್ಮ ವಾಕಿಂಗ್ ಗ್ರೂಪಿನಲ್ಲಿ ಬಂತು. ಕಳಿಸಿದವರು ನಿವೃತ್ತ ಇಂಜಿನಿಯರ್. ಸುಮ್ಮಸುಮ್ಮನೆ ಕಳಿಸುವವರಲ್ಲ.

ಚಿಕ್ಕಪ್ಪ: ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ, ಹೂತಿಟ್ಟರೂ ಸ್ಯಾಟಲೈಟಿಗೆ ಕಾಣತ್ತೆ ಅಂತ 2016ರಲ್ಲಿ ಕಳಿಸಿದ್ದೂ ಅವರೇ ತಾನೇ ಅಣ್ಣ?

ದೊಡ್ಡಪ್ಪ: ಹಳೇದನ್ನ ಕೆದಕಬೇಡ. ವಿಷಯಕ್ಕೆ ಬಾ.

ಚಿಕ್ಕಪ್ಪ: ಬಂದೆ. 8.10 ಅಂದ್ರೆ ಎಂಟೂ ಪಾಯಿಂಟ್ ಒಂದು. ಅದು 58 ಹೇಗಾಯ್ತು? ಬ್ಯಾಂಕಲ್ಲಿ ಲೆಡ್ಜರ್ ಬರೆದೋನಿಗೆ ಇದು ಟ್ಯಾಲಿ ಆಗಲ್ಲಪ್ಪ.

ಭಾವ (ಮೆಲ್ಬರ್ನ್): ಅದು ದಶಮಾಂಶ ಅಲ್ಲ ಮಾವ. ಚುಕ್ಕಿಯ ಎಡಕ್ಕೆ ಗೋಲು, ಬಲಕ್ಕೆ ಬಿಹೈಂಡ್. ಗೋಲಿಗೆ 6, ಬಿಹೈಂಡಿಗೆ 1. ಎಂಟಾರಲೆ 48, ಮೇಲೆ 10, ಒಟ್ಟು 58. ಮೈದಾನದ ಒಂದೊಂದು ತುದಿಗೂ ಸಾಲಾಗಿ ನಾಲ್ಕು ಕಂಬ. ಕಂಬಕ್ಕೂ ಕಂಬಕ್ಕೂ 6.4 ಮೀಟರ್. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ದಾಳಿ ಮಾಡೋ ತಂಡದವನು ಒದ್ದ ಚೆಂಡು ಯಾರ ಕೈಗೂ ತಾಗದೆ ಹೋದ್ರೆ ಗೋಲು. ಪಕ್ಕದ ಸಂದಿನಲ್ಲಿ ಹೋದ್ರೆ ಬಿಹೈಂಡ್. ಗೋಲಿನ ಕಂಬಕ್ಕೆ ಬಡಿದ್ರೂ ಬಿಹೈಂಡೇ. ದಾರಿಯಲ್ಲಿ ಯಾರದಾದ್ರೂ ಬೆರಳ ತುದಿ ತಾಗಿದ್ರೂ ಅಷ್ಟೇ, ಒಂದೇ ಪಾಯಿಂಟು. ನೆಲಕ್ಕೆ ಬೀಳದೆ ನೇರ ಹೊರಗಿನ ಕಂಬಕ್ಕೆ ಬಡಿದ್ರೆ ಅದೂ ಇಲ್ಲ, ಎದುರಾಳಿಗೆ ಫ್ರೀ ಕಿಕ್.

ಶಿವಮೊಗ್ಗ ಅತ್ತೆ: ಗುರಿ ತಪ್ಪಿದ್ರೂ ಒಂದು ಮಾರ್ಕ್ಸ್ ಕೊಡ್ತಾರಾ? ಒಳ್ಳೇ ಮೇಷ್ಟ್ರು.

ಕಿಟ್ಟಿ: ಆ 18ರ ಲೆಕ್ಕ ಹಾಕಿದವರಿಗೆ ಕೇಳಿ: ಎಷ್ಟು ಗೋಲು, ಎಷ್ಟು ಬಿಹೈಂಡ್ ಸೇರಿದ್ರೆ 58 ಆಗತ್ತೆ? 9.4 ಆಗತ್ತೆ. 8.10 ಆಗತ್ತೆ. 7.16 ಆಗತ್ತೆ. 6.22 ಕೂಡ ಲೆಕ್ಕಕ್ಕೆ ಸರಿ, ಆದ್ರೆ ಅಷ್ಟು ಕೆಟ್ಟದಾಗಿ ಒದೆಯೋ ತಂಡ ಅಪರೂಪ. 10 ಗೋಲು ಆದ್ರೆ ಆಗಲೇ 60. ಅಂದ್ರೆ ಎರಡೂ ಕಡೆ 58 ಆದ ಮೇಲೆ ಉಳಿಯೋದು ಮೂರೋ ನಾಲ್ಕೋ ದಾರಿ. ಇಬ್ಬರೂ ಒಂದೇ ದಾರಿ ಹಿಡಿದ್ರೆ ಅದೇನು ಪವಾಡ?

ಭಾವ: 2021ರಲ್ಲಿ ಕಾರ್ಲ್ಟನ್ನಿನ ಹ್ಯಾರಿ ಮೆಕೇ, ಲೀಗ್ ಮ್ಯಾಚುಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡೋ ಕೋಲ್‌ಮನ್ ಪದಕ ಗೆದ್ದಾಗ ಹೊಡೆದಿದ್ದೂ 58 ಗೋಲು. ಅದನ್ನೂ ಸೇರಿಸಿ ಬಿಡಿ ಫಾರ್ವರ್ಡಿಗೆ.

ದೊಡ್ಡಪ್ಪ: ನೋಡಿದೆಯಾ ಕಿಟ್ಟಿ? ಅಲ್ಲೇ ಇರೋರೇ ಹೇಳ್ತಿದ್ದಾರೆ.

ಕಿಟ್ಟಿ: ಭಾವ, ದಯವಿಟ್ಟು ತಮಾಷೆ ಬೇಡ. ಇನ್ನು ಹತ್ತು ನಿಮಿಷಕ್ಕೆ ಅದೂ ವಾಕಿಂಗ್ ಗ್ರೂಪಿಗೆ ಹೋಗತ್ತೆ.

ದೊಡ್ಡಪ್ಪ: ಆಗಲೇ ಹೋಯ್ತು.

ಚಿಕ್ಕಪ್ಪ: ಸ್ಕೋರು ಬರೆಯೋನೇ ಕಳ್ಳನಾದ್ರೆ?

ಅಕ್ಕ (ಮೆಲ್ಬರ್ನ್): ಅಪ್ಪಾ, ಬರೆಯೋದು ಒಬ್ಬರಲ್ಲ. ಎರಡು ತುದಿಗೂ ಗೋಲ್ ಅಂಪೈರ್ ಇರ್ತಾರೆ. ಗೋಲಾದ್ರೆ ಎರಡೂ ಕೈಯ ತೋರುಬೆರಳು ಮುಂದೆ, ಆಮೇಲೆ ಎರಡು ಬಾವುಟ. ಬಿಹೈಂಡ್ ಆದ್ರೆ ಒಂದು ಬೆರಳು, ಒಂದು ಬಾವುಟ. ಆಚೆ ತುದಿಯವರೂ ಬಾವುಟ ಬೀಸಿ ಒಪ್ಪಿಕೊಂಡು ತಮ್ಮ ಕಾರ್ಡಿನಲ್ಲಿ ಬರ್ಕೋತಾರೆ. ಎರಡು ಕಾರ್ಡೂ ತಾಳೆ ಆಗಬೇಕು. ನಿಮ್ಮ ಬ್ಯಾಂಕಿನ ಹಾಗೇ. ಸಂಶಯ ಇದ್ರೆ ವಿಡಿಯೋ ನೋಡ್ತಾರೆ.

ಚಿಕ್ಕಪ್ಪ: ಹಾಗಾದ್ರೆ ಸರಿ. ಇಬ್ಬರ ಸಹಿ ಇದ್ದ ಮೇಲೆ ನಂದೇನೂ ತಕರಾರಿಲ್ಲ.

ದೊಡ್ಡಪ್ಪ: ಮಗಳು ಹೇಳಿದ ತಕ್ಷಣ ಒಪ್ಪಿದ. ನಾನು ಹೇಳಿದ್ರೆ ಚಿಪ್ಪು, ನೋಟು.

ಗುಂಡಣ್ಣ: ಮಾವ, ಇದಕ್ಕೆಲ್ಲ ತಾಯಿ 1986ರ ಚೆಪಾಕ್ ಟೆಸ್ಟು. ಅದೂ ಆಸ್ಟ್ರೇಲಿಯಾ ಮೇಲೇ, ಅದೂ ಸಮಸಮ. ಡೀನ್ ಜೋನ್ಸ್ ಆ ಬಿಸಿಲಲ್ಲಿ ವಾಂತಿ ಮಾಡ್ಕೊಂಡು 210 ಹೊಡೆದ. ಕೊನೇ ಓವರಿನ ಐದನೇ ಬಾಲು, ಗ್ರೆಗ್ ಮ್ಯಾಥ್ಯೂಸ್, ಮಣಿಂದರ್ ಎಲ್‌ಬಿಡಬ್ಲ್ಯೂ. ಆ ಕಾಮೆಂಟರಿ, ಆ ಟ್ರಾನ್ಸಿಸ್ಟರು! ಈಗಿನ ಹುಡುಗರಿಗೆ ಏನು ಗೊತ್ತು.

ಶಿವಮೊಗ್ಗ ಅತ್ತೆ: ಆ ಟ್ರಾನ್ಸಿಸ್ಟರ್ ನನ್ನ ಮದುವೇಲಿ ನನಗೆ ಕೊಟ್ಟಿದ್ದು. ತವರುಮನೇಲೇ ಉಳೀತು. ಯಾರ ಹತ್ತಿರ ಇದೆ ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಚಿಕ್ಕಪ್ಪ: ಅಣ್ಣನ್ನ ಕೇಳು.

ದೊಡ್ಡಪ್ಪ: ಇದಕ್ಕೂ ಅದಕ್ಕೂ ಏನು ಸಂಬಂಧ? ಮುಂದಿನ ವಾರ ಮತ್ತೆ ಟಿಕೆಟ್ ಮಾರ್ತಾರಂತಲ್ಲ, ಅದಕ್ಕೆ ಉತ್ತರ ಕೊಡಿ ಮೊದಲು.

ಅಕ್ಕ: ಮಾರಲ್ಲ ದೊಡ್ಡಪ್ಪ. ಲೀಗ್ ಮ್ಯಾಚು ಸಮ ಆದ್ರೆ ಅಲ್ಲಿಗೇ ಮುಗೀತು. ಎಕ್ಸ್‌ಟ್ರಾ ಟೈಮ್ ಇಲ್ಲ, ಶೂಟೌಟ್ ಇಲ್ಲ. ಗೆದ್ರೆ 4 ಅಂಕ, ಸಮ ಆದ್ರೆ ಇಬ್ಬರಿಗೂ ತಲಾ 2. ಕೊನೆಕೊನೆಗೆ ಮತ್ತೆ ಆಡಿಸ್ತಿದ್ದದ್ದು ಗ್ರ್ಯಾಂಡ್ ಫೈನಲ್ ಮಾತ್ರ. 2010ರಲ್ಲಿ ಕಾಲಿಂಗ್‌ವುಡ್ 9.14, ಸೇಂಟ್ ಕಿಲ್ಡಾ 10.8, ಇಬ್ಬರೂ 68. ಮುಂದಿನ ಶನಿವಾರ ಮತ್ತೆ ಆಡಿಸಿದ್ರು, ಕಾಲಿಂಗ್‌ವುಡ್ 56 ಪಾಯಿಂಟಲ್ಲಿ ಗೆಲ್ತು. 2016ರಲ್ಲಿ ಆ ನಿಯಮಾನೂ ತೆಗೆದ್ರು. ಈಗ ಫೈನಲ್ ಸಮ ಆದ್ರೆ ಅವತ್ತೇ ಎಕ್ಸ್‌ಟ್ರಾ ಟೈಮ್. ನಿಮ್ಮ ಇಂಜಿನಿಯರು 2010ರ ಸುದ್ದಿಗೆ ನಿನ್ನೆಯ ಸ್ಕೋರು ಅಂಟಿಸಿದ್ದಾರೆ.

ಕಿಟ್ಟಿ: ಅಲ್ಲಿ ನೋಡಿ, 2010ರಲ್ಲಿ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ 68 ತಲುಪಿದ್ರು. ಅದೂ ಸಮ, ಇದೂ ಸಮ.

ದೊಡ್ಡಪ್ಪ: ಇಂಜಿನಿಯರ್ ಅಂಟಿಸಿಲ್ಲ. ಅವರಿಗೂ ಯಾರೋ ಕಳಿಸಿದ್ದು.

ಭಾವ: ಫಿಕ್ಸಿಂಗ್ ಮಾತು ಬಿಡಿ ದೊಡ್ಡಮಾವ. ಚೆಂಡೇ ಮೊಟ್ಟೆ ಆಕಾರದ್ದು, ನೆಲಕ್ಕೆ ಬಿದ್ರೆ ಯಾವ ಕಡೆ ಪುಟಿಯತ್ತೆ ಅಂತ ಒದ್ದವನಿಗೂ ಗೊತ್ತಿರಲ್ಲ. 2010ರ ಆ ಫೈನಲಲ್ಲಿ ಕೊನೇ ನಿಮಿಷಗಳಲ್ಲಿ ಸೇಂಟ್ ಕಿಲ್ಡಾದ ಸ್ಟೀಫನ್ ಮಿಲ್ನ್ ಗೋಲಿನ ಎದುರಿಗೇ ಓಡಿ ಬಂದ. ಚೆಂಡು ಅವನ ಕೈಗೆ ಸಿಗದೆ ಪಕ್ಕಕ್ಕೆ ಪುಟಿದು ಬಿಹೈಂಡ್ ಆಯ್ತು. ಆ ಒಂದು ಪುಟಿತಕ್ಕೆ ಕಪ್ ಹೋಯ್ತು. ಇಂಥ ಚೆಂಡು ಇಟ್ಕೊಂಡು ಸರಿಯಾಗಿ 58ಕ್ಕೆ 58 ತಂದು ನಿಲ್ಲಿಸೋಕೆ ಯಾವ ಮಾಫಿಯಾ ಕೈಲಾಗತ್ತೆ?

ಅಕ್ಕ: ಪುಟಿಯೋ ಚೆಂಡಿನ ಮೇಲೆ ಹಾಕಬೇಡಿ. ಹತ್ತು ಬಿಹೈಂಡಿಗೆ ಕಾರಣ ಸೆಟ್ ಶಾಟು.

ಭಾವ: ನಿಮ್ಮ ರಿಚ್ಮಂಡೂ ಹತ್ತೇ.

ಅಕ್ಕ: ನಾನೇನು ಇಲ್ಲ ಅಂದ್ನಾ?

ಶಿವಮೊಗ್ಗ ಅತ್ತೆ: ಒಂದೇ ಮನೇಲಿ ಎರಡು ತಂಡಾನಾ?

ಭಾವ: ನಾನು ಕಾರ್ಲ್ಟನ್. ಇವಳು, ಚಿಂಟು ರಿಚ್ಮಂಡ್. ಅವನ ಆಸ್‌ಕಿಕ್ (ಮಕ್ಕಳ ಫುಟ್‌ಬಾಲ್) ಕ್ಲಾಸಿನ ಗೆಳೆಯರೆಲ್ಲ ಹಳದಿ-ಕಪ್ಪು, ಹುಲಿ ಚಿತ್ರ ನೋಡಿ ಆ ಕಡೆ ಹೋದ್ರು.

ಗುಂಡಣ್ಣ: ಸೆಟ್ ಶಾಟ್ ಅಂದ್ರೆ ಪೆನಾಲ್ಟಿ ಥರಾನಾ?

ಅಕ್ಕ: ಹತ್ತಿರ ಹತ್ತಿರ. ಒದ್ದ ಚೆಂಡು ಕನಿಷ್ಠ 15 ಮೀಟರ್ ಬಂದು, ನೆಲಕ್ಕೆ ಬೀಳೋ ಮೊದಲು ನೀನು ಹಿಡಿದ್ರೆ ಅದು ಮಾರ್ಕ್. ಆಟ ನಿಲ್ಲತ್ತೆ, ನಿನ್ನ ಮೇಲೆ ಯಾರೂ ಬೀಳೋ ಹಾಗಿಲ್ಲ. ಗೋಲಿಗೆ ಒದೆಯೋಕೆ 30 ಸೆಕೆಂಡ್. ಮಾರ್ಕ್ ಹಿಡಿದ ಮೇಲೆ ಆಟ ಮುಗಿಯೋ ಸೈರನ್ ಆದ್ರೂ ಆ ಕಿಕ್ ನಿನ್ನದೇ. ಕೇಳೋಕೆ ಸುಲಭ. ಆದ್ರೆ ಚೆಂಡು ನೆಲದ ಮೇಲಿಟ್ಟು ಒದೆಯೋದಲ್ಲ, ಕೈಯಿಂದ ಬಿಟ್ಟು ಒದೆಯೋದು. ಡ್ರಾಪ್ ಪಂಟ್ ಅಂತಾರೆ. ಚೆಂಡು ನೆಟ್ಟಗೆ ನಿಂತ ಹಾಗೆ ಕೆಳಗಿಳೀಬೇಕು, ಪಾದದ ಮೇಲ್ಭಾಗ ಅದರ ಕೆಳತುದಿಗೆ ತಾಗಬೇಕು, ಆಗ ಅದು ಹಿಂದಕ್ಕೆ ಉರುಳ್ತಾ ನೇರ ಹೋಗತ್ತೆ. ಎತ್ತರದಿಂದ ಬಿಟ್ರೆ ಇಳಿಯೋವಾಗಲೇ ವಾಲತ್ತೆ. ಬಿಡೋ ಕೈ ಸ್ವಲ್ಪ ಅಡ್ಡ ಬೀಸಿದ್ರೂ ಮುಗೀತು. ಸುಸ್ತಾದವನು ಒದೆಯುವಾಗ ಬೆನ್ನು ಹಿಂದಕ್ಕೆ ಬಾಗತ್ತೆ, ಚೆಂಡು ಮೇಲೆ ಹೋಗತ್ತೆ, ದೂರ ಸಾಲಲ್ಲ. ಓಟ ಕಂಬದ ಕಡೆ ನೇರ ಇಲ್ದಿದ್ರೆ ಸೊಂಟ ತಿರುಗಿ ಚೆಂಡು ಅಡ್ಡ. ರಾತ್ರಿ ಮ್ಯಾಚಲ್ಲಿ ಇಬ್ಬನಿ ಬಿದ್ರೆ ಚರ್ಮ ಜಾರತ್ತೆ, ಅದು ಬೇರೆ.

ಭಾವ: ಕೋನ ಬಿಟ್ಟಳು. ಎದುರಿಗೆ ನಿಂತ್ರೆ 6.4 ಮೀಟರ್ ಬಾಗಿಲು. ಬೌಂಡರಿ ಗೆರೆ ಹತ್ತಿರ ನಿಂತ್ರೆ ಎರಡು ಕಂಬ ಒಂದರ ಹಿಂದೆ ಒಂದು ಬಂದು ಬಾಗಿಲೇ ಮುಚ್ಚಿದ ಹಾಗೆ. ಅಲ್ಲಿಂದ ಡ್ರಾಪ್ ಪಂಟ್ ಬಿಟ್ಟು ಬನಾನಾ ಕಿಕ್ ಒದೀತಾರೆ, ಚೆಂಡು ಗಾಳೀಲಿ ಬಾಗಿ ಬರತ್ತೆ. ಬಂದ್ರೆ ದೇವರು, ಬರದಿದ್ರೆ ಹಿಂದೆ ಕೂತಿರೋ ಅಷ್ಟೂ ಜನ ಕೋಚ್‌ಗಳು.

ದೊಡ್ಡಪ್ಪ: ಇಷ್ಟುದ್ದ ಯಾರು ಓದ್ತಾರೆ? ನಾನು ಹೇಳಿದ್ದು ಒಂದೇ ಮಾತು. ಜೂಜು. ಧರ್ಮರಾಯನಂಥ ಧರ್ಮರಾಯ ಪಗಡೆಗೆ ಕೂತು ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲ ಕಳ್ಕೊಂಡ. ಆಟವನ್ನು ಆಟವಾಗಿ ನೋಡೋ ಕಾಲ ಹೋಯ್ತು. ಮಕ್ಕಳಿಗೆ ಸಂಸ್ಕಾರ ಕೊಡಬೇಕಾದ್ದು ನಾವು.

ಅಕ್ಕ: ಅದೊಂದು ಮಾತು ಒಪ್ತೀನಿ ದೊಡ್ಡಪ್ಪ. ಟಿವಿ ಹಾಕಿದ್ರೆ ಬೆಟ್ಟಿಂಗ್ ಆ್ಯಪಿನ ಜಾಹೀರಾತು ಕಾಟ ವಿಪರೀತ. ಮಕ್ಕಳು ಸ್ಕೋರಿನ ಜೊತೆಗೆ ದರಾನೂ ಬಾಯಿಪಾಠ ಮಾಡ್ತಾವೆ. ಇಲ್ಲಿನ ಅಪ್ಪ-ಅಮ್ಮಂದಿರೂ ಬೈತಾನೇ ಇದಾರೆ.

ದೊಡ್ಡಪ್ಪ: ಹಾಗಾದ್ರೆ ಫಾರ್ವರ್ಡ್ ನಿಜ ಅಂತಾಯ್ತು.

ಕಿಟ್ಟಿ: ಅಯ್ಯೋ.

ಚಿಕ್ಕಪ್ಪ: ಧರ್ಮರಾಯನ ಕತೆ ಹೇಳೋರು ಮೈಸೂರು ರೇಸ್‌ಕೋರ್ಸ್ ಕತೇನೂ ಹೇಳ್ಲಿ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ.

ಶಿವಮೊಗ್ಗ ಅತ್ತೆ: ಏನು ಬರೆದಿದ್ದೆ ಅಣ್ಣಯ್ಯ? ನಾನು ಕನ್ನಡಕ ತರೋಷ್ಟರಲ್ಲಿ ಹೋಯ್ತು.

ಕಿಟ್ಟಿ: ಭಾವ, ಅಸಲಿಗೆ ಈ 2 ಅಂಕ ಲಾಭಾನಾ, ನಷ್ಟಾನಾ?

ಭಾವ: ಅದು ಲೀಗ್ ಮುಗಿಯೋ ಆಗಸ್ಟಿನಲ್ಲಿ ಗೊತ್ತಾಗತ್ತೆ. ಮಿಕ್ಕ ತಂಡಗಳ ಅಂಕ 4, 8, 12 ಅಂತ ನಾಲ್ಕರ ಮಗ್ಗೀಲಿ ಹೋಗತ್ತೆ. ಸಮ ಆದ ತಂಡದ್ದು 2, 6, 10. ಮಿಕ್ಕವರ ಮಧ್ಯೆ ಟೈ ಬಿದ್ರೆ ಪರ್ಸೆಂಟೇಜ್ ನೋಡ್ತಾರೆ: ತಾನು ಹೊಡೆದ ಪಾಯಿಂಟನ್ನು ಬಿಟ್ಟುಕೊಟ್ಟ ಪಾಯಿಂಟಿಂದ ಭಾಗಿಸಿ ನೂರರಿಂದ ಗುಣಿಸೋದು. ಕ್ರಿಕೆಟ್ಟಿನ ರನ್‌ರೇಟ್ ಇದ್ದ ಹಾಗೆ. ನಮ್ಮಿಬ್ಬರದೂ ಈಗ ಸರಿಯಾಗಿ ನೂರು. ಒಂದೇ ಒಂದು ಡ್ರಾ ಇದ್ರೆ ಅಷ್ಟೇ ಗೆದ್ದ ತಂಡಕ್ಕಿಂತ ನಾವು 2 ಅಂಕ ಮೇಲೆ, ಪರ್ಸೆಂಟೇಜ್ ಮಾತೇ ಬರಲ್ಲ. ಹೋದ ವರ್ಷ ಕಾರ್ಲ್ಟನ್, ವೆಸ್ಟರ್ನ್ ಬುಲ್‌ಡಾಗ್ಸ್ ಇಬ್ಬರದೂ 12 ಗೆಲುವು. ಪರ್ಸೆಂಟೇಜಲ್ಲಿ ಒಂದಕ್ಕೂ ಕಡಿಮೆ ವ್ಯತ್ಯಾಸ. ಅವರು 8ನೇ ಸ್ಥಾನಕ್ಕೆ, ನಾವು 9ಕ್ಕೆ. ಫೈನಲ್ಸ್ ಅನ್ನೋ ಕೊನೇ ಸುತ್ತುಗಳಿಗೆ ಹೋಗಿದ್ದು ಎಂಟೇ ತಂಡ. ಕೊನೇ ಮ್ಯಾಚು ಕಾಲಿಂಗ್‌ವುಡ್ ಮೇಲೆ ಸೋತಿದ್ದು ಒಂದು ಪಾಯಿಂಟಿಂದ. ಒಂದೇ ಒಂದು ಬಿಹೈಂಡ್ ಸಿಕ್ಕಿದ್ರೂ ಒಳಗೆ ಹೋಗ್ತಿದ್ವಿ.

ಅಕ್ಕ: ಇದನ್ನ ಇವರು ಪ್ರತಿ ತಿಂಗಳೂ ಹೇಳ್ತಾರೆ. ಕಾರ್ಲ್ಟನ್ ಕೊನೇ ಸಲ ಕಪ್ ಗೆದ್ದಿದ್ದು 1995ರಲ್ಲಿ.

ಭಾವ: ರಿಚ್ಮಂಡಿನದು 2017, 2019, 2020 ಅಂತ ಈಗ ಬರತ್ತೆ ನೋಡಿ.

ಅಕ್ಕ: 2017, 2019, 2020.

ಗುಂಡಣ್ಣ: ಮುಂಬೈಯ ಭಾರತ–ಆಸ್ಟ್ರೇಲಿಯಾ ಮ್ಯಾಚ್ ಯಾರೂ ನೋಡ್ತಿಲ್ವಾ? 39ಕ್ಕೆ 4. ರಾಹುಲ್ ಇದಾನೆ ಕ್ರೀಸಲ್ಲಿ.

ಚಿಕ್ಕಪ್ಪ: ಇದಾನೆ ಅಂದ್ರೆ ಇನ್ನೆಷ್ಟು ಹೊತ್ತು.

ಕಿಟ್ಟಿ: ಚಿಕ್ಕಪ್ಪ, ಟೆಸ್ಟಿಂದ ಕೈಬಿಟ್ಟಾಗ ಮೊದಲು ಪಟಾಕಿ ಚಿತ್ರ ಹಾಕಿದ್ದು ನೀವೇ. ನಮ್ಮೂರ ಹುಡುಗ ಅನ್ನೋದಾದ್ರೂ ಬೇಡ್ವಾ?

ಚಿಕ್ಕಪ್ಪ: ನಮ್ಮೂರೋನು ಅಂತ ದ್ರಾವಿಡ್‌ಗೂ ಹೇಳ್ತಿದ್ವಿ. ಅವನು ನಿಂತು ತೋರಿಸ್ತಿದ್ದ.

ಇಲ್ಲಿಂದ ಮುಂದೆ ಸುಮಾರು ಮೂರು ಗಂಟೆ ಬರೀ ರಾಹುಲ್. ಮೆಲ್ಬರ್ನ್‌ನವರು ಅಷ್ಟು ಹೊತ್ತಿಗೆ ಮಲಗಿದ್ದರು.

ಕಿಟ್ಟಿ: 75 ನಾಟೌಟ್. 189 ಮುಟ್ಟಿಸಿ ಬಂದ, ಐದು ವಿಕೆಟ್ ಗೆಲುವು. ಚಿಕ್ಕಪ್ಪ ಎಲ್ಲಿ?

ಶಿವಮೊಗ್ಗ ಅತ್ತೆ: ಮಲಗಿದಾನಂತೆ. ಲೈಟ್ ಉರೀತಿದೆ ಅಂತಾಳೆ ಅವನ ಹೆಂಡ್ತಿ.

ಚಿಕ್ಕಪ್ಪ: ಜಡೇಜ ಇಲ್ದಿದ್ರೆ ಆಗ್ತಿರಲಿಲ್ಲ.

ಮಾರ್ಚ್ 18, ಶನಿವಾರ ಬೆಳಗ್ಗೆ.

ದೊಡ್ಡಪ್ಪ: ಶುಭೋದಯ. ಇಂಜಿನಿಯರಿಗೆ ಎಲ್ಲ ವಿವರಿಸಿದೆ. ಗೋಲಿಗೆ ಆರು, ಕಂಬದ ಪಕ್ಕ ಹೋದ್ರೆ ಒಂದು. ಅವರು ಕೇಳಿದ್ರು, ಈ ಆಟವನ್ನ ಕ್ರಿಕೆಟ್ ಮೈದಾನದಲ್ಲಿ ಯಾಕೆ ಆಡ್ತಾರೆ, ಮೋಸ ಅಲ್ದೆ ಮತ್ತೇನು ಅಂತ.

ಅಕ್ಕ: ಆಟ ಶುರು ಮಾಡಿದ್ದೇ ಕ್ರಿಕೆಟಿಗರು ದೊಡ್ಡಪ್ಪ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡು ಹಿಡೀಬಾರದು ಅಂತ ಟಾಮ್ ವಿಲ್ಸ್ ಅನ್ನೋ ಕ್ರಿಕೆಟಿಗ 1858ರಲ್ಲಿ ಪತ್ರ ಬರೆದ. ಮುಂದಿನ ವರ್ಷ ಮೇ ತಿಂಗಳಲ್ಲಿ ನಿಯಮ ಬರೆದ್ರು. ಮೈದಾನ ಅಂಡಾಕಾರ ಇರೋದೂ ಅದಕ್ಕೇ. ಇದನ್ನ ಹಾಗೇ ಕಾಪಿ ಮಾಡಿ ಕಳಿಸಿ, ಏನೂ ಸೇರಿಸಬೇಡಿ.

ದೊಡ್ಡಪ್ಪ: 1858ಕ್ಕೆ 58 ಬಂತಲ್ಲ ಮತ್ತೆ.

ಕಿಟ್ಟಿ: ನಾನು ಗ್ರೂಪ್ ಮ್ಯೂಟ್ ಮಾಡ್ತಿದೀನಿ.

ಶಿವಮೊಗ್ಗ ಅತ್ತೆ: ಮ್ಯೂಟ್ ಮಾಡೋ ಮೊದಲು ನಿನ್ನಮ್ಮಂಗೆ ಹೇಳು, ಬುಧವಾರ ಯುಗಾದಿ, ಬೇವಿನ ಹೂವು ನಮ್ಮ ಮರದಲ್ಲೇ ಇದೆ. ದುಡ್ಡು ಕೊಟ್ಟು ತರಬೇಡಿ. ಮೆಲ್ಬರ್ನ್‌ನಲ್ಲಿ ಹಬ್ಬ ಯಾವತ್ತು?

ಅಕ್ಕ: ಬುಧವಾರ ಇಬ್ಬರಿಗೂ ಆಫೀಸು ಅತ್ತೆ. ಬೇವು-ಬೆಲ್ಲ ಬೆಳಗ್ಗೆ ತಿಂದು ಹೋಗ್ತೀವಿ. ಒಬ್ಬಟ್ಟಿನೂಟ ಗುರುವಾರ ಸಂಜೆ, ಆರು ಮನೆಯೋರು ಬರ್ತಾರೆ.

ಭಾವ: ಗುರುವಾರ ಕಾರ್ಲ್ಟನ್–ಜೀಲಾಂಗ್. ಜೀಲಾಂಗ್ ಹೋದ ವರ್ಷದ ಚಾಂಪಿಯನ್ನರು. ನಾನು ವಿಲಿಯಮ್ಸ್ ಲ್ಯಾಂಡಿಂಗಲ್ಲಿ ಐದೂವರೆ ಟ್ರೈನ್ ಹಿಡೀಬೇಕು.

ಅಕ್ಕ: ಯಾರಿಗೆ ಹೇಳಿದ್ರಿ ಇದನ್ನ?

ಭಾವ: ಫ್ರಿಜ್ ಮೇಲೆ ವೇಳಾಪಟ್ಟಿ ಅಂಟಿಸಿ ತಿಂಗಳಾಯ್ತು.

ಶಿವಮೊಗ್ಗ ಅತ್ತೆ: ಹೂರಣ ಬುಧವಾರ ರಾತ್ರಿನೇ ರುಬ್ಬಿ ಇಟ್ಕೊಳ್ಳಿ. ಬೇಳೆ ಬೆಂದ ಮೇಲೆ ಕಟ್ಟು ಪೂರ್ತಿ ಬಸೀಬೇಕು, ನೀರು ಉಳಿದ್ರೆ ತಟ್ಟೋವಾಗ ಕಣಕ ಹರಿಯತ್ತೆ. ಕಣಕ ಎಣ್ಣೆ ಹಾಕಿ ಎರಡು ಗಂಟೆನಾದ್ರೂ ನೆನೀಲಿ. ಅಳಿಯಂದಿರು ಮಧ್ಯಾಹ್ನ ರಜೆ ಹಾಕಿ ತಟ್ಟಿಟ್ಟು ಹೋಗ್ಲಿ.

ಭಾವ: ಅತ್ತೆ, ಟಿಕೆಟ್ ಆಗಲೇ ತಗೊಂಡಾಗಿದೆ.

ಅಕ್ಕ: ಊಟ ಶನಿವಾರಕ್ಕೆ ಹಾಕ್ತೀನಿ ಹಾಗಾದ್ರೆ. ನನಗೂ ಚಿಂಟೂಗೂ ಒಂದೊಂದು ಟಿಕೆಟ್ ತಗೊಳ್ಳಿ. ಜೀಲಾಂಗ್ ಕಡೆ ಕೂತು ಕೂಗ್ತೀವಿ.