ವಸಡಿನ ‘ಪಾಕೆಟ್’ಗೆ ಸಂಚಿ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಸುತ್ತಲ ಹಳ್ಳಿಗಳಲ್ಲಿ ನಡೆಯುವ ದಂತ ತಪಾಸಣಾ ಶಿಬಿರಗಳಿಗೆ ನಾನು ಕರಪತ್ರ ಬರೆದುಕೊಡುತ್ತೇನೆ. ಈ ಸಲದ ವಿಷಯ ವಸಡಿನ ರೋಗ ಮತ್ತು ಸಕ್ಕರೆ ಕಾಯಿಲೆ. ಬರೆಯುತ್ತ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ವಸಡು ಹಲ್ಲಿನಿಂದ ಬಿಟ್ಟುಕೊಂಡಾಗ ಎರಡರ ನಡುವೆ ಆಗುವ ಆಳವನ್ನು ವೈದ್ಯರು ‘ಪಾಕೆಟ್’ ಅನ್ನುತ್ತಾರೆ. ಗೆರೆ ಹಾಕಿದ ಸಣ್ಣ ಕಡ್ಡಿ ಇಳಿಸಿ ಅದನ್ನು ಅಳೆಯುತ್ತಾರೆ. 3 ಮಿಲಿಮೀಟರ್‌ವರೆಗೆ ಸಾಮಾನ್ಯ. ಅದಕ್ಕಿಂತ ಆಳವಾದರೆ ಬ್ರಷ್ ತಳ ಮುಟ್ಟುವುದಿಲ್ಲ, ಒಳಗೆ ಕೂತ ಪಾಚಿ ಗಾರೆಯಂತೆ ಗಟ್ಟಿಯಾಗುತ್ತದೆ, ಹಲ್ಲನ್ನು ಹಿಡಿದಿರುವ ಮೂಳೆ ಸವೆಯುತ್ತ ಹೋಗುತ್ತದೆ.

ಹಿಂದಿನ ಕರಪತ್ರದಲ್ಲಿ ‘ಕುಳಿ’ ಎಂದು ಬರೆದು ತಪ್ಪು ಮಾಡಿದೆ. ಓದಿದವರು ಹುಳುಕು ಹಲ್ಲಿನ ತೂತು ಎಂದುಕೊಂಡರು. ‘ಸಕ್ಕರೆ ಕಾಯಿಲೆ’ ಎಂಬ ಮಾತೂ ಅವರನ್ನು ಅದೇ ಕಡೆಗೆ ಎಳೆಯಿತು. ಸಕ್ಕರೆ ಅಂದರೆ ಸಿಹಿ, ಸಿಹಿ ತಿಂದರೆ ಹುಳುಕು! “ನಾನು ಸಿಹಿ ಬಿಟ್ಟು ಆರು ವರ್ಷ ಆತು, ನನಗ್ಯಾಕೆ ಈ ಕಾಗದ?” ಎಂದು ಒಬ್ಬರು ಹಿಂದಕ್ಕೇ ಕೊಟ್ಟರು. ವಸಡನ್ನು ಕೆಡಿಸುವುದು ರಕ್ತದಲ್ಲಿ ಏರಿದ ಸಕ್ಕರೆ, ನಾಲಗೆಯ ಮೇಲಿನದಲ್ಲ ಎಂಬ ಮುಖ್ಯ ಮಾತೇ ಅವರಿಗೆ ಮುಟ್ಟಲಿಲ್ಲ. ‘ಮಧುಮೇಹ’ ಎಂದು ಬರೆದರೆ ಗೊಂದಲ ಕಡಿಮೆಯಾದೀತು, ಆದರೆ ಇಲ್ಲಿ ಜನ ಆಡುವುದು ‘ಶುಗರ್’ ಎಂದೇ.

‘ಸಂದು’ ಅಂದರೆ ಎರಡು ಹಲ್ಲುಗಳ ನಡುವಿನ ಜಾಗವಾಗುತ್ತದೆ. ‘ಕಿಸೆ’ ಅಂಗಿಯನ್ನು ಬಿಟ್ಟು ಬರುವುದಿಲ್ಲ. ‘ಪೊಟರೆ’ ನನಗೆ ಇಷ್ಟವಾದ ಪದ, ಆದರೆ ಪೊಟರೆ ಇರುವುದು ಮರದ ಮೈಯಲ್ಲೇ, ಮತ್ತೆ ಹಲ್ಲಿನ ತೂತಿಗೇ ಹೋಗಿ ನಿಲ್ಲುತ್ತದೆ.

ಹೋದ ತಿಂಗಳು ಆನಗೋಡು ಕಡೆಯ ಹಳ್ಳಿಯೊಂದರಲ್ಲಿ ವೈದ್ಯೆ ಕಡ್ಡಿ ಇಳಿಸುತ್ತ “ಮೂರು, ಎರಡು, ಆರು” ಎಂದು ಹೇಳುತ್ತಿದ್ದರು, ಪಕ್ಕದ ಹುಡುಗಿ ಬರೆದುಕೊಳ್ಳುತ್ತಿದ್ದಳು. ಕಡ್ಡಿ ತೆಗೆದ ಮೇಲೆ ಅಜ್ಜಿ, “ಏನವ್ವಾ ಅದು ಲೆಕ್ಕ?” ಎಂದರು. “ವಸಡು ಬಿಟ್ಟೈತಜ್ಜಿ, ಒಳಗೆ ಕಸ ಕೂತೈತೆ.” ಅಜ್ಜಿ ಸೊಂಟದಿಂದ ಎಲೆಯಡಿಕೆ ಸಂಚಿ ಎಳೆದು, ಅದರೊಳಗೆ ಬೆರಳು ತೂರಿಸಿ ತಳದ ಅಡಿಕೆ ಪುಡಿ ತೋರಿಸಿದರು. “ಹಿಂಗಾ? ಇದೂ ಎಷ್ಟು ಕೊಡವಿದ್ರೂ ಬರಲ್ಲ.”

ಮೇಲೆ ಬಾಯಿ, ಕೆಳಗೆ ತಳ, ಪಕ್ಕದಲ್ಲಿ ಮೆತ್ತನೆಯ ಗೋಡೆ. ಅಂದಿನಿಂದ ‘ವಸಡಿನ ಸಂಚಿ’ ತಲೆಯಲ್ಲಿ ಕೂತಿದೆ. ಪದ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಚೀಲ ಹಿಡಿಯುತ್ತಿದ್ದ ಹೊನ್ನಮ್ಮನಿಗೆ ‘ಸಂಚಿಯ’ ಎಂಬುದು ಹೆಸರಿನಲ್ಲೇ ಸೇರಿದೆ. ನನ್ನ ಅಳುಕು ಬೇರೆ. ಸಂಚಿ ಎಂದರೆ ಹೊಗೆಸೊಪ್ಪೂ ನೆನಪಿಗೆ ಬರುತ್ತದೆ, ಅದು ವಸಡಿಗೆ ದೊಡ್ಡ ಶತ್ರು. ಇಪ್ಪತ್ತೈದರ ಹುಡುಗರಿಗೆ ಈ ಪದ ಗೊತ್ತಿದೆಯೇ? ಧಾರವಾಡದ ಕಡೆ, ಕರಾವಳಿಯಲ್ಲಿ ಇದಕ್ಕೆ ಇದೇ ಅರ್ಥವೇ?

ಇನ್ನೊಂದು ಸಣ್ಣ ಪ್ರಶ್ನೆ. ‘ಶುಗರ್‌ನಿಂದ ವಸಡು ಕೆಡುತ್ತದೆ’ ಎಂದರೆ ಆ ‘ಇಂದ’ ಒಂದೇ ದಿಕ್ಕಿಗೆ ತೋರಿಸುತ್ತದೆ. 1993ರಲ್ಲಿ ದಂತ ವಿಜ್ಞಾನಿ ಹರಾಲ್ಡ್ ಲೋ ವಸಡಿನ ರೋಗವನ್ನು ಮಧುಮೇಹದ ಆರನೆಯ ತೊಡಕು ಎಂದು ಕರೆದದ್ದೂ ಅದೇ ದಿಕ್ಕು. ಆದರೆ ತಿರುಗಿಯೂ ಇದೆ. ಕೆಟ್ಟ ವಸಡಿನ ಉರಿಯೂತ ರಕ್ತಕ್ಕೆ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡಬರುತ್ತದೆ. ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ಪರಿಶೀಲನೆಯ ಪ್ರಕಾರ ವಸಡಿನ ಚಿಕಿತ್ಸೆಯಾದ 3-4 ತಿಂಗಳಿಗೆ ‘ಮೂರು ತಿಂಗಳ ಶುಗರ್’ (ಶೇಕಡಾದಲ್ಲಿ ಹೇಳುವ HbA1c ರಕ್ತಪರೀಕ್ಷೆ) ಸರಾಸರಿ 0.43ರಷ್ಟು ಇಳಿಯುತ್ತದೆ. 8.5 ಇದ್ದದ್ದು ಸುಮಾರು 8.1 ಆದ ಹಾಗೆ. ಮಾತ್ರೆ ಬಿಡಬಹುದು ಎಂದು ಇದರರ್ಥವಲ್ಲ, ಆದರೂ ಸಣ್ಣ ಲಾಭವಲ್ಲ.

ಇದಕ್ಕೆ ‘ದ್ವಿಮುಖ ಸಂಬಂಧ’ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ‘ದ್ವಿಮುಖ ನೀತಿ’ ಕೇಳಿದ ಕಿವಿಗೆ ಅದು ಮೋಸದ ಮಾತಾಗಿ ಕೇಳಿಸುತ್ತದೆ. ಸದ್ಯಕ್ಕೆ “ಶುಗರ್ ಏರಿದರೆ ವಸಡು ಕೆಡುತ್ತದೆ, ಕೆಟ್ಟ ವಸಡು ಶುಗರ್ ಇಳಿಯಗೊಡುವುದಿಲ್ಲ” ಎಂದು ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಮಾತು ನಿಮ್ಮ ಕಡೆ ಇದ್ದರೆ ಕೊಡಿ. ಸಂಚಿಯ ವಿಚಾರವನ್ನಂತೂ ದಯವಿಟ್ಟು ಮನೆಯ ಹಿರಿಯರನ್ನೂ ಮಕ್ಕಳನ್ನೂ ಕೇಳಿ ತಿಳಿಸಿ, ಕರಪತ್ರ ಸೋಮವಾರ ಅಚ್ಚಿಗೆ ಹೋಗುತ್ತದೆ.