“ಚೆನ್ನಾಗೇ ನಡೀತಾರಲ್ಲ, ಅವರಿಗೇಕೆ ಆ ಜಾಗ?”: ಪುನರ್ವಸತಿ ವೈದ್ಯೆಗೆ ನಮ್ಮ ಗುಂಪಿನ ಪ್ರಶ್ನೆಗಳು

ದಾರಿಹೋಕ: ಮೇಡಂ, ಅಂಗವಿಕಲರ ಪಾರ್ಕಿಂಗ್ ಜಾಗದಲ್ಲಿ ಒಬ್ಬ ಹುಡುಗ ಕಾರು ನಿಲ್ಲಿಸಿದ. ಗಾಜಿನ ಹಿಂದೆ ಕಾರ್ಡ್ ಇತ್ತು ನಿಜ. ಆದರೆ ಇಳಿದು ಆರಾಮಾಗಿ ನಡೆದುಹೋದ. ಇದು ಮೋಸ ಅಲ್ವಾ?

ಡಾಕ್ಟರ್: ಎಷ್ಟು ದೂರ ನೋಡಿದಿರಿ? ಬಾಗಿಲವರೆಗೆ ತಾನೇ? ಹೃದಯದ ಬಲ ಕುಗ್ಗಿದವರು, ಸಿಒಪಿಡಿ ಎಂಬ ಶ್ವಾಸಕೋಶದ ದೀರ್ಘ ಕಾಯಿಲೆ ಇರುವವರು ಅಷ್ಟು ದೂರ ಎಲ್ಲರ ಹಾಗೇ ನಡೆಯುತ್ತಾರೆ. ಏದುಸಿರು ಬರುವುದು ಆಮೇಲೆ. ಕಾಲಿನ ರಕ್ತನಾಳ ಕಿರಿದಾಗಿದ್ದರೆ ಸ್ವಲ್ಪ ನಡೆದ ಮೇಲೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಪಾಟ್ಸ್ ಎಂಬ, ನಿಂತಾಗ ಎದೆಬಡಿತ ಹದ ತಪ್ಪುವ ತೊಂದರೆ ಇರುವ ದೊಡ್ಡವರಿಗೆ ಎದ್ದು ನಿಂತ 10 ನಿಮಿಷದೊಳಗೆ ಎದೆಬಡಿತ ಮೊದಲಿಗಿಂತ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಏರುತ್ತದೆ, ತಲೆ ತಿರುಗುತ್ತದೆ. ಕರುಳು ಊದಿಕೊಳ್ಳುವ ಕ್ರೋನ್ಸ್ ಕಾಯಿಲೆ ಇದ್ದರೆ ಶೌಚಾಲಯ ಹತ್ತಿರ ಇರಲೇಬೇಕು. ಪ್ಯಾಂಟಿನೊಳಗೆ ಕೃತಕ ಕಾಲು ಇರಬಹುದು. ಕಾರ್ಡ್ ಕೊಟ್ಟವರು ಕಾಗದಪತ್ರ ನೋಡಿಯೇ ಕೊಟ್ಟಿರುತ್ತಾರೆ. ದಾರಿಯಲ್ಲಿ ನಿಂತು ಇನ್ನೊಂದು ಪರೀಕ್ಷೆ ಬೇಕಿಲ್ಲ.

ಬೆಳ್ಳಿಮೋಡ: ಬೋರ್ಡಿನಲ್ಲಿ ಗಾಲಿಕುರ್ಚಿ ಚಿತ್ರ ಇದೆಯಲ್ಲ ಮೇಡಂ?

ಡಾಕ್ಟರ್: ಅದು ಗುರುತು ಮಾತ್ರ. 1968ರಲ್ಲಿ ಸುಸಾನೆ ಕೋಫೋಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ ಬರೆದ ಚಿತ್ರ. ಗಾಲಿಕುರ್ಚಿಯವರಿಗೆ ಮಾತ್ರ ಎಂದು ಅದರ ಅರ್ಥ ಅಲ್ಲ. ಇಂಗ್ಲೆಂಡಿನಲ್ಲಿ 2019ರ ಆಗಸ್ಟಿನಿಂದ ಕಣ್ಣಿಗೆ ಕಾಣದ ತೊಂದರೆ ಇರುವವರಿಗೂ ಬ್ಲೂ ಬ್ಯಾಡ್ಜ್, ಅಂದರೆ ಅಲ್ಲಿನ ಪಾರ್ಕಿಂಗ್ ಕಾರ್ಡ್, ಸಿಗುವಂತೆ ನಿಯಮವನ್ನೇ ಬದಲಿಸಿದರು.

ಹಸಿರೆಲೆ: ಮೇಡಂ, ಕಾರ್ಡ್ ಅರ್ಜಿಗೆ ಯಾವ ಡಾಕ್ಟರ ಸಹಿ ಬೇಕು?

ಹೊಂಗೆನೆರಳು: ನನಗೆ ಮಯಸ್ತೇನಿಯಾ ಗ್ರಾವಿಸ್ ಎಂಬ ಸ್ನಾಯು ಸೋಲುವ ಕಾಯಿಲೆ ಇದೆ. ಕಾರ್ಡ್ ಇದೆ. ಹೋದ ತಿಂಗಳು ಯಾರೋ ನನ್ನ ಕಾರಿನ ಗಾಜಿಗೆ “ನಾಚಿಕೆ ಆಗಲ್ವಾ” ಎಂದು ಚೀಟಿ ಅಂಟಿಸಿದ್ದರು. ಅವತ್ತಿನಿಂದ ದೂರ ನಿಲ್ಲಿಸಿ ನಡೆಯುತ್ತಿದ್ದೇನೆ. ಈಗ ಸಂಜೆಯಾದರೆ ರೆಪ್ಪೆ ಇಳಿಯುತ್ತದೆ, ಮಾತು ಮೂಗಿನಲ್ಲಿ ಬರುತ್ತದೆ. ಎರಡು ದಿನದಿಂದ ನೀರು ಕುಡಿದರೆ ನೆತ್ತಿಗೇರುತ್ತಿದೆ. ಸುಸ್ತು ಅಂತ ಸುಮ್ನೆ ಇದ್ದೇನೆ. ವ್ಯಾಯಾಮ ಏನಾದರೂ ಹೇಳ್ತೀರಾ?

ಡಾಕ್ಟರ್: ವ್ಯಾಯಾಮ ಬೇಡಮ್ಮ. ಇವತ್ತೇ, ಈಗಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ನೀವೇ ಕಾರು ಓಡಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ಈ ಕಾಯಿಲೆಯಲ್ಲಿ ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ಸರಿಯಾಗಿ ತಲುಪುವುದಿಲ್ಲ. ಬಳಸಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಸುಧಾರಿಸುತ್ತದೆ. ಅದಕ್ಕೇ ಬೆಳಿಗ್ಗೆ ನಿಮ್ಮನ್ನು ನೋಡಿದವರಿಗೆ ಏನೂ ಕಾಣುವುದಿಲ್ಲ. ರೆಪ್ಪೆ ಇಳಿಯುವುದು ನಿಮಗೆ ಹಳೆಯದು ಇರಬಹುದು. ನನಗೆ ಭಯ ಆಗುತ್ತಿರುವುದು ನುಂಗಲು ಆಗದಿರುವುದು ಮತ್ತು ದನಿ ಬದಲಾಗಿರುವುದು. ಮುಂದಿನ ಸರದಿ ಉಸಿರಾಟದ ಸ್ನಾಯುಗಳದ್ದಾಗಬಹುದು. ಮಲಗಿದರೆ ಉಸಿರು ಕಟ್ಟಿದಂತಾಗುತ್ತದಾ? ಒಂದೇ ಉಸಿರಿನಲ್ಲಿ ಒಂದು, ಎರಡು ಅಂತ ಎಣಿಸುತ್ತಾ 20 ದಾಟಲು ಆಗುತ್ತಿಲ್ಲವಾ? ಹಾಗಿದ್ದರೆ ಆಂಬುಲೆನ್ಸ್ ಕರೆಸಿ. 20 ದಾಟಿದರೂ ಆಸ್ಪತ್ರೆಗೆ ಹೋಗುವುದು ತಪ್ಪಿಸಬೇಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ನೋಡಿ ಧೈರ್ಯ ತಂದುಕೊಳ್ಳಬೇಡಿ. ಸ್ನಾಯು ಸೋಲುತ್ತಿದ್ದರೂ ಅದು ಕೊನೆಯವರೆಗೂ ಮಾಮೂಲಿ ಅಂಕಿಯನ್ನೇ ತೋರಿಸಬಹುದು.

ಹೋದ ತಕ್ಷಣ ಕಾಯಿಲೆಯ ಹೆಸರು ಹೇಳಿ. ಈಚೆಗೆ ಏನಾದರೂ ಹೊಸ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಸಿಪ್ರೊಫ್ಲಾಕ್ಸಾಸಿನ್, ಅಜಿತ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್‌ಗಳು, ಬಿಪಿ, ಹೃದಯಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್ ಮಾತ್ರೆಗಳು ಇದನ್ನು ಹೆಚ್ಚಿಸಬಹುದು. ಬರೀ ನಡಿಗೆಯಿಂದಲೇ ಹೀಗಾಯಿತು ಎಂದು ನಾನು ಇಲ್ಲಿಂದ ಹೇಳಲಾರೆ. ಸೋಂಕೂ ಇರಬಹುದು. ಆದರೆ ಚೀಟಿ ಅಂಟಿಸಿದವರು ಇದನ್ನು ಓದುತ್ತಿದ್ದರೆ ಇನ್ನೊಮ್ಮೆ ಓದಲಿ. ಯಾರ ಶಕ್ತಿಯನ್ನು ಖರ್ಚು ಮಾಡಿಸುತ್ತಿದ್ದೇವೆ ಅನ್ನುವುದು ಅವರಿಗೆ ಗೊತ್ತಾಗಬೇಕು.

ಸಂಜೆಗಾಳಿ: ಸುಸ್ತಿಗೆ ಮೆಗ್ನೀಸಿಯಂ ಪುಡಿ ರಾಮಬಾಣ ಅಂತೆ. ದಿನಾ ರಾತ್ರಿ ಒಂದು ಚಮಚ. ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ) ಇರುವವರು ಬಿಸಿನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಕೂರಬೇಕಂತೆ. (ಫಾರ್ವರ್ಡ್ ಮಾಡಿದ್ದು)

ಡಾಕ್ಟರ್: ದಯವಿಟ್ಟು ಅಳಿಸಿ. ಮೆಗ್ನೀಸಿಯಂ ನರದ ಸಂದೇಶವನ್ನು ಇನ್ನಷ್ಟು ತಡೆಯುತ್ತದೆ. ಮಯಸ್ತೇನಿಯಾ ಇರುವವರಿಗೆ ಅಪಾಯ. ಎಂಎಸ್ ಇರುವವರಿಗೆ ಮೈ ಬಿಸಿಯಾದರೆ ದೃಷ್ಟಿ ಮಂಜಾಗಬಹುದು, ಕಾಲು ಸೋಲಬಹುದು. ಮೈ ದಣಿದಾಗ ದೃಷ್ಟಿ ಹೀಗೆ ಮಂಜಾಗುವುದನ್ನು ಊಟ್‌ಹೋಫ್ ಎಂಬ ಜರ್ಮನ್ ಕಣ್ಣಿನ ವೈದ್ಯ 1890ರಲ್ಲೇ ಬರೆದಿಟ್ಟಿದ್ದಾನೆ. ತೊಟ್ಟಿಯಿಂದ ಏಳಲಾಗದೆ ಮುಳುಗಿದರೆ ಯಾರು ಹೊಣೆ?

ಸಂಜೆಗಾಳಿ: ಒಳ್ಳೆಯ ಉದ್ದೇಶಕ್ಕೇ ಹಾಕಿದ್ದು ಮೇಡಂ.

ಡಾಕ್ಟರ್: ಉದ್ದೇಶ ಕೇಳಲಿಲ್ಲ. ಅಳಿಸಿ.

ಗಾಲಿ: ನನ್ನದೂ ಒಂದು ಮಾತು. ಅಪ್ಪ ಗಾಲಿಕುರ್ಚಿಯಲ್ಲಿ. ಆ ಜಾಗ ಸಿಗದಿದ್ದರೆ ನಾವು ವಾಪಸ್ ಮನೆಗೆ. ನಡೆಯುವವರಿಗೆ ಬೇರೆ ಜಾಗ ಆಗುತ್ತದೆ, ಅಪ್ಪನಿಗೆ ಆಗಲ್ಲ.

ತಿಳಿನೀರು: ನನಗೆ ಲೂಪಸ್ ಇದೆ, ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಬಿಸಿಲು ಬಿದ್ದರೆ ಕಾಯಿಲೆ ಕೆರಳುತ್ತದೆ. ಹಾಗಾದರೆ ನಾನು ಮನೆಯಲ್ಲೇ ಇರಬೇಕಾ?

ಗಾಲಿ: ಕೊಡೆ ಹಿಡಿದರೆ ಆಗಲ್ವಾ?

ತಿಳಿನೀರು: ನೋಡಿದ್ರಾ ಮೇಡಂ? ಇದೇ ಮಾತು ಎಲ್ಲಾ ಕಡೆ ಕೇಳೋದು. ಕೀಲು ನೋವಿಗೆ ಯಾವ ಕೊಡೆ ಹಿಡಿಯಲಿ?

ದಾರಿಹೋಕ: ಗಾಲಿ ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ತಿಳಿನೀರು: ನಿಮ್ಮನ್ನು ಕೇಳಲಿಲ್ಲ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಗಾಲಿ ಅವರೇ, ನಿಮ್ಮ ತಂದೆಗೆ ಬೇಕಾದದ್ದು ಅಗಲ. ಬಾಗಿಲು ಪೂರ್ತಿ ತೆಗೆದು ಕುರ್ಚಿ ಇಳಿಸಲು ಪಕ್ಕದಲ್ಲಿ 1.2ರಿಂದ 1.5 ಮೀಟರ್ ಬೇಕು. ಪಟ್ಟೆ ಎಳೆದ ಜಾಗ ಇರುವುದು ಅದಕ್ಕೇ. ತಿಳಿನೀರು ಅವರಿಗೆ ಬೇಕಾದದ್ದು ಹತ್ತಿರ. ಎರಡೂ ನಿಜವಾದ ಅಗತ್ಯ. ಜಾಗ ಸಾಲದಿದ್ದರೆ ಹೆಚ್ಚು ಮಾಡಿ ಎಂದು ಕಟ್ಟಡದವರನ್ನು ಕೇಳಿ. ಕಾರ್ಡೇ ಇಲ್ಲದೆ “ಎರಡೇ ನಿಮಿಷ” ಅಂತ ನಿಲ್ಲಿಸುವವರನ್ನು ಕೇಳಿ. ಪಟ್ಟೆಯ ಮೇಲೆ ಬೈಕ್ ನಿಲ್ಲಿಸುವವರನ್ನು ಕೇಳಿ. ಇದ್ದ ನಾಲ್ಕು ಜಾಗಕ್ಕೆ ಕಾಯಿಲೆಯವರೇ ಕಿತ್ತಾಡಬೇಕಾ?

ಗಾಲಿ: ಕೊಡೆಯ ಮಾತು ಬೇಡವಾಗಿತ್ತು. ಆದರೆ ಜಾಗ ಸಿಗದೆ ವಾಪಸ್ ಹೋಗುವವರ ಕಷ್ಟ ನಿಮಗೆ ಗೊತ್ತಿಲ್ಲ.

ಬೆಳಗು: ಒಬ್ಬಾಕೆ ಬೆಳಿಗ್ಗೆ ಊರುಗೋಲು ಹಿಡಿದಿದ್ದಳು, ಮಧ್ಯಾಹ್ನ ಇಲ್ಲ. ನಾಟಕ ತಾನೇ?

ಡಾಕ್ಟರ್: ಅಲ್ಲ. ಮೇಲೆ ಓದಿ.

ಚಿಗುರು: ಹಾಗಾದರೆ ಸುಳ್ಳು ಕಾರ್ಡ್ ಇಟ್ಟುಕೊಂಡವರನ್ನು ಕಂಡುಹಿಡಿಯುವುದು ಹೇಗೆ?

ಡಾಕ್ಟರ್: ನಡಿಗೆ ನೋಡಿ ಆಗದು. ಅನುಮಾನ ಇದ್ದರೆ ಕಾರ್ಡ್ ಕೊಡುವ ಕಚೇರಿಗೆ ತಿಳಿಸಿ. ಕಾರಿನವರನ್ನು ಬೈಯಬೇಡಿ, ವಿಡಿಯೊ ಮಾಡಬೇಡಿ.

ಬೆಳಗು: ನನ್ನ ಪ್ರಶ್ನೆಗೆ ಇಷ್ಟೇ ಉತ್ತರವಾ? ವಯಸ್ಸಾದವಳು ಕೇಳಿದ್ದೇನೆ.

ಡಾಕ್ಟರ್: ಅದೇ ಪ್ರಶ್ನೆಗೆ ಮೊದಲೇ ಉತ್ತರ ಇದೆ ಅಮ್ಮ. ಕೀಲುವಾತ, ಎಂಎಸ್ ಎಲ್ಲಾ ಗಂಟೆಗೊಂದು ಥರ ಇರುತ್ತವೆ. ಹೊಂಗೆನೆರಳು, ಹೊರಟಿರಾ? ಉತ್ತರ ಕೊಡಿ.

ಹೊಂಗೆನೆರಳು: ತಮ್ಮ ಕಾರು ತೆಗೆಯುತ್ತಿದ್ದಾನೆ. 14ರವರೆಗೆ ಎಣಿಸಲು ಆಯಿತು.

ಡಾಕ್ಟರ್: ಕಾರು ಬೇಡ. ಆಂಬುಲೆನ್ಸ್. ಈಗಲೇ. ಬರುವವರೆಗೆ ಮಲಗಬೇಡಿ, ಒರಗಿ ಕೂತಿರಿ. ಬಾಯಿಗೆ ಏನೂ ಹಾಕಬೇಡಿ. ನನಗೆ ಖಾಸಗಿಯಾಗಿ ನಂಬರ್ ಕಳಿಸಿ, ನಿಮ್ಮ ತಮ್ಮನ ಜೊತೆ ಮಾತಾಡುತ್ತೇನೆ. ಉಳಿದವರು ಸ್ವಲ್ಪ ಹೊತ್ತು ಇಲ್ಲಿ ಏನೂ ಬರೆಯಬೇಡಿ.

ಹಸಿರೆಲೆ: ಮೇಡಂ, ಆ ಅರ್ಜಿ ಸಹಿ ವಿಷಯ?

ತಿಳಿನೀರು: ಬರೆಯಬೇಡಿ ಅಂದರಲ್ಲ!