‘ತಾಯಿತ’ದಲ್ಲಿ ತಾಯಿ ಇದ್ದಾಳೆಯೇ?

ಐದು ತಿಂಗಳ ಮಗು ನಿದ್ದೆಯಲ್ಲಿ ಬೆಚ್ಚಿಬೀಳುತ್ತದೆ ಎಂಬುದು ನಮ್ಮತ್ತೆಯ ಚಿಂತೆ. ಹೋದ ವಾರ ಅವರು ‘ಇದಕ್ಕೊಂದು ಯಂತ್ರ ಕಟ್ಟಿಸಲೇಬೇಕು’ ಎಂದಾಗ ಏಳು ವರ್ಷದ ಮಗಳು ‘ಯಾವ ಯಂತ್ರ ಅಜ್ಜಿ, ಕರೆಂಟು ಬೇಕೇ?’ ಎಂದು ಕೇಳಿದಳು. ಎಲ್ಲರೂ ಸೇರಿ ನಗರ್ತಪೇಟೆಗೆ ಹೋದೆವು. ಬೆಳ್ಳಿ ಅಂಗಡಿಯವರು ಗಾಜಿನ ಮೇಲೆ ಇಟ್ಟದ್ದು ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕೊಳವೆ. ದಾರ ಪೋಣಿಸಲು ಮೇಲೆ ಎರಡು ಕಿವಿ, ಒಂದು ಬದಿಗೆ ಮುಚ್ಚಳ. ಮಂತ್ರ ಬರೆದ ತಾಮ್ರದ ತಗಡನ್ನು ಸುರುಳಿ ಸುತ್ತಿ ಒಳಗಿಟ್ಟು ಬಾಯಿಗೆ ಅರಗು ತುಂಬಿಸುವುದು ನಮ್ಮ ಪಾಲಿನ ಕೆಲಸ. ರಸೀದಿಯಲ್ಲಿ ‘ತಾಯತ’ ಎಂದಿತ್ತು. ಅತ್ತೆ ತಿದ್ದಿದರು: ‘ತಾಯಿತ ಎನ್ನಬೇಕು. ಮಗುವನ್ನು ಕಾಯುವವಳು ತಾಯಿಯಲ್ಲವೇ?’

ಒಪ್ಪಿಬಿಡೋಣ ಎನಿಸುತ್ತದೆ. ಆದರೆ ತೆಲುಗಿನಲ್ಲಿ ತಾಯಿ ‘ತಲ್ಲಿ’, ಮರಾಠಿಯಲ್ಲಿ ‘ಆಈ’. ಆ ಭಾಷೆಗಳಲ್ಲೂ ಈ ವಸ್ತು ‘ತಾಯೆತ್ತು’, ‘ತಾಈತ’ ಎಂದೇ ಇದೆ. ತಮಿಳಿನಲ್ಲಿ ‘ತಾಯತ್ತು’. ನನ್ನ ಅನುಮಾನ ಉರ್ದುವಿನ ‘ತಾವೀಜ್’ ಮೇಲೆ. ಅದರ ಮೂಲ ಅರಬ್ಬಿ. ಧಾತುವಿನ ಅರ್ಥ ಆಶ್ರಯ ಬೇಡುವುದು. ಜಕಾರ ತಕಾರವಾಗುವುದು ಹೇಗೆ ಎಂದು ಕೇಳುವವರು ಪಾರಸಿಯ ‘ಕಾಗಜ್’ ನಮ್ಮಲ್ಲಿ ‘ಕಾಗದ’ ಆದದ್ದನ್ನು ನೋಡಬೇಕು. ಎರಡೂ ಪದಗಳ ಕೊನೆಯಲ್ಲಿರುವುದು ‘ಜಾಲ್’ ಎಂಬ ಒಂದೇ ಅಕ್ಷರ. ಅಲ್ಲಿ ದಕಾರ, ಇಲ್ಲಿ ತಕಾರ ಏಕೆ ಎಂಬುದೊಂದೇ ತೊಡಕು. ಸಂಜೆ ನಮಾಜು ಮುಗಿಸಿ ಬರುವವರ ಮುಂದೆ ಕೂಸನ್ನು ಹಿಡಿದು ಊದಿಸಿಕೊಳ್ಳುವ ತಾಯಂದಿರನ್ನು ಕಂಡವರಿಗೆ ಈ ಪದ ಬಂದ ದಾರಿ ವಿಚಿತ್ರ ಎನಿಸಲಾರದು. ಹಳಗನ್ನಡದಲ್ಲಿ ‘ತಾಯಿತ’ ಸಿಕ್ಕಿದವರು ಸಾಲನ್ನು ತೋರಿಸಿದರೆ ನನ್ನ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ.

‘ಯಂತ್ರ’ದ ಕಥೆ ಸರಳ. ಹಳ್ಳಿಯ ಕಡೆ ಅದು ಯಕಾರ ಕಳೆದುಕೊಂಡು ‘ಅಂತ್ರ’ವಾಯಿತು, ಯುಗಾದಿ ಉಗಾದಿಯಾದ ಹಾಗೆ. ಹಿಂದಿಯವರು ‘ಜಂತರ್’ ಮಾಡಿಕೊಂಡರು. ನಾವೂ ‘ಯಾತ್ರೆ’ಯನ್ನು ‘ಜಾತ್ರೆ’ ಮಾಡಿಲ್ಲವೇ?

ನನ್ನನ್ನು ಹೆಚ್ಚು ಕಾಡುತ್ತಿರುವುದು ಕ್ರಿಯಾಪದ. ಬಳೆ ತೊಡುತ್ತೇವೆ, ಸರ ಹಾಕಿಕೊಳ್ಳುತ್ತೇವೆ, ಮೂಗುತಿ ಇಡುತ್ತೇವೆ. ಕೀಲುನೋವಿಗೆಂದು ನಮ್ಮ ಮಾವನವರು ಧರಿಸಿರುವ ತಾಮ್ರದ ಕಡಗವನ್ನೂ ‘ಹಾಕಿಕೊಂಡಿದ್ದಾರೆ’ ಎನ್ನುತ್ತೇವೆ. ನೋವು ಹೋಗಿಲ್ಲ, ಮಣಿಕಟ್ಟು ಹಸಿರಾಗಿದೆ, ಅದು ಬೇರೆ ಮಾತು. ತಾಯಿತವನ್ನು ಮಾತ್ರ ‘ಕಟ್ಟಬೇಕು’, ಅದಕ್ಕಿಂತ ಹೆಚ್ಚಾಗಿ ‘ಕಟ್ಟಿಸಬೇಕು’. ದಾರವಿರುವುದರಿಂದ ಎಂದರೆ ಸಾಲದು. ದಾರದಲ್ಲಿ ಪೋಣಿಸಿದ ಮುತ್ತಿನ ಸರವನ್ನು ಯಾರೂ ಕಟ್ಟಿಸಿಕೊಳ್ಳುವುದಿಲ್ಲ. ತಾಳಿ ಮತ್ತು ಕಂಕಣದ ಹಾಗೆ, ಇನ್ನೊಬ್ಬರ ಕೈಯಿಂದ ಬಂದರೆ ಮಾತ್ರ ಇದಕ್ಕೆ ಬಲ ಎಂಬ ನಂಬಿಕೆ ಈ ಕ್ರಿಯಾಪದದಲ್ಲಿ ಕುಳಿತಿದೆ ಎಂದು ನನ್ನ ಊಹೆ.

ಕೊರಳಿಗೆ ದಾರ ಬೇಡವೆಂದು ಮಕ್ಕಳ ವೈದ್ಯರು ಹೇಳಿದ್ದರಿಂದ ನಮ್ಮ ಕೊಳವೆ ಈಗ ಸೊಂಟದ ಉಡಿದಾರದಲ್ಲಿದೆ. ಅಲ್ಲಿಗೂ ಅತ್ತೆ ‘ಕಟ್ಟಿದೆ’ ಎಂದೇ ಹೇಳುತ್ತಾರೆ. ‘ತಾಯಿತ ಹಾಕು’ ಅಥವಾ ‘ತಾಯಿತ ತೊಡಿಸು’ ಎಂಬ ಬಳಕೆ ನಿಮ್ಮ ಕಡೆ ಇದ್ದರೆ ಯಾವ ಸೀಮೆ ಎಂಬುದನ್ನೂ ಸೇರಿಸಿ ತಿಳಿಸಿ.